ಒಂದು ಅಂಕದ ಉತ್ತರದ ಹಿಂದಿನ ಮನುಷ್ಯ

ಕೃಷಿ ಪದವಿ ಮುಗಿಸಿ ಸರ್ಕಾರಿ ಹುದ್ದೆಗೆ ಓದುತ್ತಿರುವ ಯಾರನ್ನಾದರೂ ನಿಲ್ಲಿಸಿ ವಾವಿಲೋವ್ ಯಾರು ಎಂದು ಕೇಳಿ. ಬೆಳೆಗಳ ಮೂಲ ಕೇಂದ್ರಗಳನ್ನು ಗುರುತಿಸಿದ ರಷ್ಯಾದ ವಿಜ್ಞಾನಿ ಎಂಬ ಉತ್ತರ ತಕ್ಷಣ ಬರುತ್ತದೆ. ಎಷ್ಟು ಕೇಂದ್ರಗಳು? ಎಂಟು. ಬದನೆ, ಸೌತೆ, ಮಾವಿನ ತವರು? ಭಾರತದ ಕೇಂದ್ರ. ಅದೇ ಪಾಠದ ಆಸುಪಾಸಿನಲ್ಲಿ ಇನ್ನೊಂದು ಹೆಸರೂ ಇರುತ್ತದೆ, ಕಾರ್ಪೆಚೆಂಕೊ. ಮೂಲಂಗಿಯನ್ನೂ ಎಲೆಕೋಸನ್ನೂ ಕೂಡಿಸಿ ಹೊಸ ಗಿಡ ಮಾಡಿದವರು. ಕೆಳಗೆ ಮೂಲಂಗಿ, ಮೇಲೆ ಕೋಸು ಸಿಗುತ್ತದೆ ಎಂದುಕೊಂಡರೆ ಕೆಳಗೆ ಕೋಸಿನ ಬೇರು, ಮೇಲೆ ಮೂಲಂಗಿ ಸೊಪ್ಪು ಬಂತಂತೆ ಎಂದು ಮೇಷ್ಟ್ರು ಹೇಳಿದಾಗ ನಮ್ಮ ಇಡೀ ಕ್ಲಾಸು ನಕ್ಕಿತ್ತು.

ಇಬ್ಬರ ಹೆಸರಿನ ಮುಂದೆಯೂ ಇಸವಿಗಳಿರುತ್ತವೆ. ವಾವಿಲೋವ್ 1887–1943, ಕಾರ್ಪೆಚೆಂಕೊ 1899–1941. ಒಬ್ಬರು 55ಕ್ಕೆ, ಇನ್ನೊಬ್ಬರು 42ಕ್ಕೆ ಹೋದರು. ಎರಡನೇ ಮಹಾಯುದ್ಧದ ಕಾಲ, ಎಲ್ಲೋ ಬಾಂಬು ಬಿದ್ದಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಹಾಗೇನೂ ಆಗಿರಲಿಲ್ಲ. ಕಾರ್ಪೆಚೆಂಕೊ ಅವರನ್ನು ಅವರದೇ ಸರ್ಕಾರ ಗುಂಡಿಟ್ಟು ಕೊಂದಿತು. ಜಗತ್ತಿನ ಹಸಿವು ನೀಗಿಸಲೆಂದು ಬೀಜ ಕೂಡಿಟ್ಟ ವಾವಿಲೋವ್, ಅವರದೇ ಸರ್ಕಾರದ ಜೈಲಿನಲ್ಲಿ ಹಸಿವಿನಿಂದ ಸತ್ತರು. ಸಿಲೆಬಸ್‌ನಲ್ಲಿ ಇದಿಲ್ಲ. ಇದನ್ನು ತಿಳಿದ ಮೇಲೆ ನನಗೆ ಆ ಹೆಸರನ್ನು ಬರೀ ಆಪ್ಷನ್ ಎಂದು ಟಿಕ್ ಮಾಡಲು ಮನಸ್ಸು ಬರುತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಿಕೊಲಾಯ್ ಇವಾನೊವಿಚ್ ವಾವಿಲೋವ್ ಹುಟ್ಟಿದ್ದು ಮಾಸ್ಕೋದಲ್ಲಿ. ಅಪ್ಪ ಬಡ ರೈತರ ಮನೆಯ ಹುಡುಗ. ಹಳ್ಳಿಯಿಂದ ಪಟ್ಟಣಕ್ಕೆ ಬಂದು ಜವಳಿ ವ್ಯಾಪಾರದಲ್ಲಿ ಮೇಲೆ ಬಂದವರು. ಮಗ ನಾಲ್ಕು ವರ್ಷದವನಿದ್ದಾಗ ರಷ್ಯಾದಲ್ಲಿ ಭೀಕರ ಬರ. ಆ ತಲೆಮಾರಿನ ಅನೇಕರಂತೆ ಈತನಿಗೂ ಬೆಳೆ, ಬರ, ಹಸಿವು ದೂರದ ವಿಷಯಗಳಾಗಿರಲಿಲ್ಲ. ಅಪ್ಪನ ವ್ಯಾಪಾರ ಬಿಟ್ಟು ಮಾಸ್ಕೋದ ಕೃಷಿ ಸಂಸ್ಥೆ ಸೇರಿದರು. ಪದವಿಗೆ ಮಾಡಿದ ಅಧ್ಯಯನ ಬೆಳೆ ತಿನ್ನುವ ಗೊಂಡೆಹುಳುಗಳ ಮೇಲೆ. ಆಮೇಲೆ ಇಂಗ್ಲೆಂಡಿಗೆ ಹೋಗಿ, ಆಗಷ್ಟೇ ಕಣ್ಣುಬಿಡುತ್ತಿದ್ದ ತಳಿಶಾಸ್ತ್ರವನ್ನು ವಿಲಿಯಂ ಬೇಟ್ಸನ್ ಅವರ ಬಳಿ ಕಲಿತರು. 1917ರಲ್ಲಿ, ಅಂದರೆ ಕ್ರಾಂತಿಯ ವರ್ಷದಲ್ಲೇ, ವೋಲ್ಗಾ ದಡದ ಸರಾಟೋವ್ ನಗರದಲ್ಲಿ ಪ್ರೊಫೆಸರ್ ಆದರು. ಸರಾಟೋವ್ ಎಂಬ ಹೆಸರು ನೆನಪಿಡಿ.

ಹೊಸ ಕಮ್ಯುನಿಸ್ಟ್ ಸರ್ಕಾರಕ್ಕೆ ವಾವಿಲೋವ್ ಶತ್ರುವಾಗಿರಲಿಲ್ಲ. ಪಕ್ಷದ ಸದಸ್ಯರಲ್ಲ, ನಿಜ. ಆದರೆ ದುಡಿಯಲು ಸಿದ್ಧರಿದ್ದರು. 1921ರಲ್ಲಿ ವೋಲ್ಗಾ ಸೀಮೆಯಲ್ಲಿ ಜನ ಹುಲ್ಲು, ತೊಗಟೆ ತಿನ್ನುವ ಸ್ಥಿತಿ ಬಂದಾಗ ಬೀಜ ತರಲು ಅಮೆರಿಕಕ್ಕೆ ಹೋದರು. ಅದೇ ಹೊತ್ತಿಗೆ ಪೆಟ್ರೊಗ್ರಾಡ್‌ನ ಸಸ್ಯಶಾಸ್ತ್ರ ಸಂಸ್ಥೆಯ ಹೊಣೆ ಹೆಗಲಿಗೆ ಬಂತು. ಆ ನಗರ ಮುಂದೆ ಲೆನಿನ್‌ಗ್ರಾಡ್ ಎನಿಸಿತು. ಊರಿನ ನಡುವಿನ ಸೇಂಟ್ ಐಸಾಕ್ ಚೌಕದಲ್ಲಿ ಸರ್ಕಾರ ಅವರಿಗೆ ಕಟ್ಟಡ ಕೊಟ್ಟಿತು, ಹಣ ಕೊಟ್ಟಿತು, 1926ರಲ್ಲಿ ಲೆನಿನ್ ಪ್ರಶಸ್ತಿ ಕೊಟ್ಟಿತು. 1929ರಲ್ಲಿ ಇಡೀ ದೇಶದ ಕೃಷಿ ವಿಜ್ಞಾನ ಅಕಾಡೆಮಿಯ ಮೊದಲ ಅಧ್ಯಕ್ಷರನ್ನಾಗಿ ಮಾಡಿತು.

ನಾವು ಬಾಯಿಪಾಠ ಮಾಡುವ ಆ ಕೇಂದ್ರಗಳ ಸಿದ್ಧಾಂತದ ತಿರುಳು ಸರಳವಾದುದು. ಒಂದು ಬೆಳೆಯನ್ನು ಮನುಷ್ಯ ಮೊದಲು ಎಲ್ಲಿ ಪಳಗಿಸಿದನೋ ಅಲ್ಲಿ ಅದರ ಬಗೆಗಳು, ಕಾಡು ಬಂಧುಗಳು ಹೆಚ್ಚು. ರೋಗ ತಡೆಯುವ, ಚಳಿ ತಾಳುವ, ಬರಕ್ಕೆ ಬಗ್ಗದ ಗುಣಗಳು ಅಲ್ಲಿ ಅಡಗಿರುತ್ತವೆ. ಹೋಗಿ ತರಬೇಕು, ಕಳೆದುಹೋಗುವ ಮೊದಲು ತರಬೇಕು. ತಂದರು ಕೂಡ. ಪಾಮೀರ್ ಪರ್ವತ, 1924ರಲ್ಲಿ ಅಫ್ಘಾನಿಸ್ತಾನ, ಆಮೇಲೆ ಇಥಿಯೋಪಿಯಾ, ಜಪಾನ್, ಮೆಕ್ಸಿಕೋ, ದಕ್ಷಿಣ ಅಮೆರಿಕ. ಕುದುರೆ, ಹೇಸರಗತ್ತೆ, ಕಾಲ್ನಡಿಗೆ. ದಿನಕ್ಕೆ ನಾಲ್ಕೈದು ಗಂಟೆ ನಿದ್ದೆ ಸಾಕಿತ್ತು ಎಂದು ಜತೆಗಿದ್ದವರು ನೆನಪಿಸಿಕೊಂಡಿದ್ದಾರೆ. 1940ರ ಹೊತ್ತಿಗೆ ಸಂಸ್ಥೆಯಲ್ಲಿ ಸುಮಾರು ಎರಡೂವರೆ ಲಕ್ಷ ಮಾದರಿಗಳಿದ್ದವು. ಆಗ ಜಗತ್ತಿನಲ್ಲಿ ಅಂಥ ಬೀಜ ಭಂಡಾರ ಇನ್ನೊಂದಿರಲಿಲ್ಲ.

ಇಷ್ಟೆಲ್ಲ ಕೊಟ್ಟ ಸರ್ಕಾರ ಯಾಕೆ ತಿರುಗಿಬಿತ್ತು? ಇದಕ್ಕೆ ಉತ್ತರ ಹೊಲದಲ್ಲಿದೆ.

1929ರ ಕೊನೆಯಿಂದ ಸ್ಟಾಲಿನ್ ಸರ್ಕಾರ ರೈತರ ಭೂಮಿ, ದನ, ನೇಗಿಲುಗಳನ್ನು ಬಲವಂತವಾಗಿ ಸಾಮೂಹಿಕ ಬೇಸಾಯಕ್ಕೆ ಸೇರಿಸಿತು. ಒಪ್ಪದವರಿಗೆ ಶ್ರೀಮಂತ ರೈತರೆಂಬ ಹಣೆಪಟ್ಟಿ ಹಚ್ಚಿ, ಲಕ್ಷಗಟ್ಟಲೆ ಕುಟುಂಬಗಳನ್ನು ಸೈಬೀರಿಯಾ ಮತ್ತಿತರ ಕಡೆಗೆ ಅಟ್ಟಿತು. ಬೆಳೆ ಕುಸಿದರೂ ಧಾನ್ಯದ ವಸೂಲಿ ನಿಲ್ಲಲಿಲ್ಲ. 1932–33ರಲ್ಲಿ ಉಕ್ರೇನ್, ಕಜಕಸ್ತಾನ, ಕುಬಾನ್, ವೋಲ್ಗಾ ಸೀಮೆಗಳಲ್ಲಿ ಹಸಿವಿನಿಂದ ಸತ್ತವರ ಸಂಖ್ಯೆಯನ್ನು ಲಕ್ಷಗಳಲ್ಲಿ ಅಲ್ಲ, ಹತ್ತು ಲಕ್ಷಗಳಲ್ಲಿ ಎಣಿಸಬೇಕು. ಸಾಮೂಹಿಕ ಹೊಲದ ಧಾನ್ಯ ಕದ್ದರೆ ಗುಂಡು ಇಲ್ಲವೇ ಹತ್ತು ವರ್ಷ ಜೈಲು ಎಂಬ ಕಾನೂನು 1932ರ ಆಗಸ್ಟ್‌ನಲ್ಲಿ ಬಂತು. ಕೊಯ್ಲಾದ ಹೊಲದಲ್ಲಿ ಉದುರಿದ ತೆನೆ ಆಯ್ದವರ ಮೇಲೂ ಅದನ್ನು ಹೂಡಿದರು. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಬಿದ್ದ ತೆನೆ, ಶೇಂಗಾ ಆಯುವುದು ಬಡವರ ಹಕ್ಕು ಎಂದೇ ನಡೆದು ಬಂದಿದೆ. ಅದಕ್ಕೆ ಹತ್ತು ವರ್ಷ ಜೈಲು ಎಂದರೆ ಹೇಗಿರಬಹುದು, ನೀವೇ ಯೋಚಿಸಿ.

ನೀತಿ ತಪ್ಪು ಎಂದು ಒಪ್ಪದ ಸರ್ಕಾರಕ್ಕೆ ತಪ್ಪಿತಸ್ಥರು ಬೇಕಾಗುತ್ತಾರೆ. ಬೆಳೆ ಬರಲಿಲ್ಲವೇ? ಹಾಗಾದರೆ ಯಾರೋ ಬೇಕೆಂದೇ ಕೆಡಿಸಿದ್ದಾರೆ. ಹೊಸ ತಳಿ ರೂಪಿಸಲು 10–12 ವರ್ಷ ಹಿಡಿಯುತ್ತಿದ್ದುದನ್ನು ನಾಲ್ಕೈದು ವರ್ಷಕ್ಕೆ ಇಳಿಸಿ ಎಂದು 1931ರಲ್ಲೇ ಮೇಲಿನಿಂದ ಆದೇಶ ಬಂದಿತ್ತು. ಗೋಧಿ ಗಿಡಕ್ಕೆ ಆದೇಶ ಓದಲು ಬರುವುದಿಲ್ಲ. ವಾವಿಲೋವ್ ಆಗುವುದಿಲ್ಲ ಎಂದರು. ಆಗುತ್ತದೆ ಎನ್ನುವವನೊಬ್ಬ ಅಷ್ಟರಲ್ಲಿ ಬಂದಿದ್ದ.

ಆತ ಟ್ರೋಫಿಮ್ ಲೈಸೆಂಕೊ, ಉಕ್ರೇನ್‌ನ ರೈತ ಕುಟುಂಬದ ಯುವಕ. ಬೀಜವನ್ನು ನೆನೆಸಿ, ಚಳಿಯಲ್ಲಿಟ್ಟು ಬಿತ್ತಿದರೆ ಬೇಗ ತೆನೆ ಬರುತ್ತದೆ ಎಂಬುದು ಆತನ ಮೊದಲ ಪ್ರಸಿದ್ಧಿ. ಅದರಲ್ಲಿ ಸ್ವಲ್ಪ ಸತ್ಯ ಇತ್ತು. ಅದರ ಮೇಲೆ ಆತ ಕಟ್ಟಿದ ಮಹಲು ಮಾತ್ರ ಸುಳ್ಳು. ಗಿಡವನ್ನು ಹೀಗೆ ಪಳಗಿಸಿದರೆ ಆ ಗುಣ ಮುಂದಿನ ಪೀಳಿಗೆಗೂ ಇಳಿಯುತ್ತದೆ, ಜೀನ್ ಎಂಬುದು ಬಂಡವಾಳಶಾಹಿಗಳ ಕಲ್ಪನೆ ಎಂದ. ಇಲ್ಲಿ ವಾವಿಲೋವ್ ಅವರನ್ನೂ ಪೂರ್ತಿ ಬಿಟ್ಟುಕೊಡಲಾಗದು. ಆರಂಭದಲ್ಲಿ ಲೈಸೆಂಕೊನನ್ನು ಹೊಗಳಿ, ವೇದಿಕೆ ಸಿಗಲು ನೆರವಾದವರಲ್ಲಿ ಅವರೂ ಒಬ್ಬರು. ಹಳ್ಳಿಯಿಂದ ಬಂದ ಹುಡುಗ ಮುಂದೆ ಬರಲಿ ಎಂಬ ಒಳ್ಳೆಯ ಮನಸ್ಸೋ, ಸರ್ಕಾರದ ಗಾಳಿ ಎತ್ತ ಬೀಸುತ್ತಿದೆ ಎಂಬ ಅಂದಾಜೋ. ಎರಡೂ ಇದ್ದಿರಬಹುದು ಎಂದು ನನಗನಿಸುತ್ತದೆ.

1935ರಲ್ಲಿ ಕ್ರೆಮ್ಲಿನ್‌ನ ಸಭೆಯೊಂದರಲ್ಲಿ ಲೈಸೆಂಕೊ ತನ್ನನ್ನು ಟೀಕಿಸುವ ವಿಜ್ಞಾನಿಗಳನ್ನು ವರ್ಗಶತ್ರುಗಳೆಂದು ಜರೆದಾಗ ಸ್ವತಃ ಸ್ಟಾಲಿನ್ ಶಹಭಾಷ್ ಎಂದ. ಆಮೇಲಿನದು ವಿಜ್ಞಾನದ ಚರ್ಚೆಯಾಗಿ ಉಳಿಯಲಿಲ್ಲ. ಅದೇ ವರ್ಷ ವಾವಿಲೋವ್ ಅಕಾಡೆಮಿಯ ಅಧ್ಯಕ್ಷ ಸ್ಥಾನ ಕಳೆದುಕೊಂಡರು. ಅವರ ನಂತರ ಅಧ್ಯಕ್ಷರಾದ ಮುರಲೋವ್, ಅವರ ಹಿಂದೆಯೇ ಬಂದ ಮೈಸ್ಟರ್, ಇಬ್ಬರೂ 1937ರಲ್ಲಿ ಬಂಧಿತರಾದರು. 1938ರಲ್ಲಿ ಆ ಕುರ್ಚಿಗೆ ಲೈಸೆಂಕೊ ಬಂದ. ಅಗೋಲ್, ಲೆವಿಟ್ ಎಂಬ ತಳಿವಿಜ್ಞಾನಿಗಳನ್ನು ಗುಂಡಿಟ್ಟು ಕೊಂದರು. 1937ಕ್ಕೆ ಮಾಸ್ಕೋದಲ್ಲಿ ನಿಗದಿಯಾಗಿದ್ದ ಅಂತರರಾಷ್ಟ್ರೀಯ ತಳಿವಿಜ್ಞಾನ ಸಮ್ಮೇಳನ ರದ್ದಾಯಿತು. 1939ರಲ್ಲಿ ಅದು ಎಡಿನ್‌ಬರೋದಲ್ಲಿ ನಡೆದಾಗ ಅಧ್ಯಕ್ಷತೆಗೆ ಆಯ್ಕೆಯಾಗಿದ್ದವರು ವಾವಿಲೋವ್. ದೇಶ ಬಿಡಲು ಅವರಿಗೆ ಅನುಮತಿ ಸಿಗಲಿಲ್ಲ. ಆ ಹೊತ್ತಿಗೆ ಅವರ ಮೇಲೆ ಗುಪ್ತ ಪೊಲೀಸರ ಕಡತ ತೆರೆದು ವರ್ಷಗಳೇ ಆಗಿದ್ದವು. ಸಹೋದ್ಯೋಗಿಗಳಲ್ಲೇ ಕೆಲವರು ಮಾಹಿತಿ ಕೊಡುತ್ತಿದ್ದರು. ವಾವಿಲೋವ್ ಮಾತ್ರ ತಮ್ಮ ಸಂಸ್ಥೆಯ ಸಭೆಯಲ್ಲಿ ಎದ್ದು ನಿಂತು, ಏನೇ ಆಗಲಿ ತಾವು ನಂಬಿದ ವಿಜ್ಞಾನದಿಂದ ಹಿಂದೆ ಸರಿಯುವುದಿಲ್ಲ ಎಂದು ಬಹಿರಂಗವಾಗಿ ಹೇಳಿದರು.

1940ರ ಆಗಸ್ಟ್ 6. ಸೋವಿಯತ್ ಒಕ್ಕೂಟ ಆಗಷ್ಟೇ ವಶಪಡಿಸಿಕೊಂಡಿದ್ದ ಪಶ್ಚಿಮ ಉಕ್ರೇನ್‌ನ ಚೆರ್ನಿವ್ಟ್ಸಿ ಸುತ್ತಮುತ್ತ ವಾವಿಲೋವ್ ಬೀಜ ಹುಡುಕುತ್ತಿದ್ದರು. ಸಂಜೆ ತಂಗಿದ್ದ ಜಾಗಕ್ಕೆ ಕಪ್ಪು ಕಾರೊಂದು ಬಂತು. ಮಾಸ್ಕೋದಿಂದ ತುರ್ತು ಕರೆ ಎಂದರು. ಹೋದವರು ತಿರುಗಿ ಬರಲಿಲ್ಲ. ಜತೆಗಾರರು ಅವರ ಚೀಲ ಬಿಚ್ಚಿ ನೋಡಿದಾಗ ಆ ದಿನ ಬೆಟ್ಟದಲ್ಲಿ ಸಿಕ್ಕಿದ್ದ ಹಳೆಯ ಕಾಲದ ಗೋಧಿ ಜಾತಿಯೊಂದರ ತೆನೆಗಳಿದ್ದವು.

ತನಿಖಾಧಿಕಾರಿಯ ಹೆಸರು ಖ್ವಾಟ್. ಸುಮಾರು 400 ಸಲ, ಒಟ್ಟು 1,700 ಗಂಟೆ ವಿಚಾರಣೆ ನಡೆಯಿತು. ರಾತ್ರಿ ಕರೆದೊಯ್ದು ಬೆಳಿಗ್ಗೆ ತಂದು ಬಿಡುತ್ತಿದ್ದರು, ಗಂಟೆಗಟ್ಟಲೆ ನಿಲ್ಲಿಸಿ ಕಾಲು ಊದಿಕೊಂಡಿರುತ್ತಿದ್ದವು ಎಂದು ಜತೆಯ ಕೈದಿಗಳು ನಂತರ ಹೇಳಿದ್ದಾರೆ. ಆರೋಪಗಳು ಏನು ಗೊತ್ತೇ? ಇಂಗ್ಲೆಂಡಿನ ಗೂಢಚಾರ, ಕೃಷಿಯನ್ನು ಬೇಕೆಂದೇ ಹಾಳುಗೆಡವಿದವ, ಸರ್ಕಾರ ಉರುಳಿಸುವ ಗುಂಪಿನ ಸದಸ್ಯ. ಎರಡು ವಾರ ಎಲ್ಲವನ್ನೂ ನಿರಾಕರಿಸಿದವರು ಆಮೇಲೆ ಹಾಳುಗೆಡವಿದ ಆರೋಪವನ್ನು ಒಪ್ಪಿದರು. ಗೂಢಚಾರಿಕೆಯನ್ನು ಒಪ್ಪಲೇ ಇಲ್ಲ. ಅವರ ಕೆಲಸ ದೇಶಕ್ಕೆ ಹಾನಿ ಮಾಡಿತೇ ಎಂದು ಹೇಳಲು ತಜ್ಞರ ಸಮಿತಿಯೊಂದನ್ನು ಮಾಡಿದರು. ಅದರಲ್ಲಿ ಯಾರಿರಬೇಕೆಂಬ ಪಟ್ಟಿ ಒಪ್ಪಿಗೆಗಾಗಿ ಹೋಗಿದ್ದು ಲೈಸೆಂಕೊ ಬಳಿಗೆ. ಆತ ಸಹಿ ಹಾಕಿದ.

1941ರ ಜುಲೈ 9ರಂದು ನ್ಯಾಯಾಲಯ ಕೂತಿತು. ಕೂತಿತು ಎನ್ನುವುದೇ ದೊಡ್ಡ ಮಾತು, ಕೆಲವೇ ನಿಮಿಷ. ವಕೀಲರಿಲ್ಲ, ಸಾಕ್ಷಿಗಳಿಲ್ಲ. ವಾವಿಲೋವ್ ಅಲ್ಲಿ ಎಲ್ಲ ಆರೋಪವನ್ನೂ ಅಲ್ಲಗಳೆದರು. ಮರಣದಂಡನೆ ವಿಧಿಸಿದರು. ಅದೇ ತಿಂಗಳು ಕ್ಷಮಾದಾನದ ಅರ್ಜಿ ತಿರಸ್ಕೃತವಾಯಿತು. ಜುಲೈ 28ರಂದು ಕಾರ್ಪೆಚೆಂಕೊ ಅವರನ್ನು ಗುಂಡಿಟ್ಟು ಕೊಂದರು. ಅದೇ ಸಂಸ್ಥೆಯ ಗೊವೊರೊವ್ ಅವರನ್ನೂ ಕೊಂದರು. ಲೆವಿಟ್ಸ್ಕಿ ಮತ್ತು ಫ್ಲಾಕ್ಸ್‌ಬರ್ಗರ್ ಜೈಲಿನಲ್ಲೇ ತೀರಿಕೊಂಡರು. ಇದು ಯಾರೋ ಒಬ್ಬ ಅಧಿಕಾರಿಯ ಸಿಟ್ಟಿನ ಕೆಲಸವಲ್ಲ ಎಂಬುದನ್ನು ಗಮನಿಸಬೇಕು. ಪ್ರತಿ ಹೆಜ್ಜೆಗೂ ಕಾನೂನಿನ ಕಲಮು ಇತ್ತು, ಮೊಹರು ಇತ್ತು, ದಿನಾಂಕ ಇತ್ತು. ಭಯೋತ್ಪಾದನೆಯ ಮೊಕದ್ದಮೆಗಳಲ್ಲಿ ವಕೀಲರೂ ಬೇಡ, ಮೇಲ್ಮನವಿಯೂ ಬೇಡ ಎಂಬ ಕಾನೂನು 1934ರ ಡಿಸೆಂಬರ್‌ನಲ್ಲಿ ಬಂದಾಗ ಹೆಚ್ಚಿನವರಿಗೆ ಅದು ಬೇರೆ ಯಾರಿಗೋ ಸಂಬಂಧಪಟ್ಟದ್ದು ಎಂದೇ ಅನಿಸಿರಬೇಕು.

ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರು ಎಂದೇನಲ್ಲ. ಡಿಮಿಟ್ರಿ ಪ್ರಿಯಾನಿಶ್ನಿಕೊವ್ ಎಂಬ ಹಿರಿಯರಿದ್ದರು. ಮಣ್ಣು, ಗೊಬ್ಬರದ ವಿಜ್ಞಾನಿ, ವಾವಿಲೋವ್ ಅವರ ಗುರು. ಆಗ ವಯಸ್ಸು 75 ದಾಟಿತ್ತು. ಶಿಷ್ಯನ ಹೆಸರು ಹೇಳಿದರೇ ಅಪಾಯ ಎನ್ನುವ ಕಾಲದಲ್ಲಿ ಗುಪ್ತ ಪೊಲೀಸರ ಮುಖ್ಯಸ್ಥ ಬೆರಿಯಾಗೆ ಅರ್ಜಿ ಮೇಲೆ ಅರ್ಜಿ ಬರೆದರು, ಖುದ್ದಾಗಿ ಭೇಟಿಯನ್ನೂ ಮಾಡಿದರು. ಸಾಲದ್ದಕ್ಕೆ ಜೈಲಿನಲ್ಲಿದ್ದ ಮರಣದಂಡಿತ ವಾವಿಲೋವ್ ಅವರ ಹೆಸರನ್ನು ಸ್ಟಾಲಿನ್ ಪ್ರಶಸ್ತಿಗೆ ಸೂಚಿಸಿದರು. ಸ್ಟಾಲಿನ್ ಹೆಸರಿನದೇ ಪ್ರಶಸ್ತಿ. ಈ ಒಂದು ಸಂಗತಿಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

1941ರ ಅಕ್ಟೋಬರ್‌ನಲ್ಲಿ ಜರ್ಮನ್ ಸೈನ್ಯ ಮಾಸ್ಕೋ ಸಮೀಪಿಸಿದಾಗ ಕೈದಿಗಳನ್ನು ರೈಲಿಗೆ ತುಂಬಿ ಪೂರ್ವಕ್ಕೆ ಸಾಗಿಸಿದರು. ವಾವಿಲೋವ್ ಅವರನ್ನು ಇಳಿಸಿದ್ದು ಸರಾಟೋವ್‌ನಲ್ಲಿ, 24 ವರ್ಷದ ಹಿಂದೆ ಅವರು ಪ್ರೊಫೆಸರ್ ಆಗಿ ಕಾಲಿಟ್ಟಿದ್ದ ಅದೇ ಊರಲ್ಲಿ. ಮರಣದಂಡಿತರ ಇಕ್ಕಟ್ಟಿನ ಕೋಣೆಯಲ್ಲಿ ತತ್ತ್ವಶಾಸ್ತ್ರದ ವಿದ್ವಾಂಸ ಲುಪ್ಪೋಲ್ ಜತೆಗಿದ್ದರು. ಅಡ್ಡಾಡಲು ಬಿಡುತ್ತಿರಲಿಲ್ಲ, ಸ್ನಾನ ಇರಲಿಲ್ಲ. ಅಂಥಲ್ಲೂ ವಾವಿಲೋವ್ ಕೋಣೆಯವರಿಗೆ ಜೀವವಿಜ್ಞಾನದ ಪಾಠ ಹೇಳುತ್ತಿದ್ದರಂತೆ. ಮಾಸ್ಕೋದಲ್ಲಿ ವಿಚಾರಣೆಯ ಬಿಡುವಿನಲ್ಲಿ ಕಾಗದ ಸಿಕ್ಕಾಗ ಜಗತ್ತಿನ ಬೇಸಾಯದ ಚರಿತ್ರೆಯ ದೊಡ್ಡ ಹಸ್ತಪ್ರತಿಯನ್ನೇ ಬರೆದಿದ್ದರು. ಅದನ್ನು ನಾಶ ಮಾಡಿದರು. 1942ರ ಏಪ್ರಿಲ್‌ನಲ್ಲಿ ಬೆರಿಯಾಗೆ ಪತ್ರ ಬರೆದು, ಯುದ್ಧ ನಡೆಯುತ್ತಿದೆ, ತಮ್ಮ ತಿಳಿವಳಿಕೆಯನ್ನು ದೇಶಕ್ಕೆ ಬಳಸಿಕೊಳ್ಳಿ ಎಂದು ಬೇಡಿದರು. ಬೇಸಿಗೆಯಲ್ಲಿ ಮರಣದಂಡನೆಯನ್ನು 20 ವರ್ಷ ಜೈಲುಶಿಕ್ಷೆಗೆ ಇಳಿಸಿದರು. ಊಟ ಮಾತ್ರ ಬದುಕಿಸುವಷ್ಟು ಇರಲಿಲ್ಲ. ಅದೇ ಏಪ್ರಿಲ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ವಿದೇಶಿ ಸದಸ್ಯರನ್ನಾಗಿ ಆರಿಸಿತ್ತು. ಅವರಿಗೆ ಅದು ತಿಳಿಯುವ ದಾರಿಯೇ ಇರಲಿಲ್ಲ.

ಈಗ ಲೆನಿನ್‌ಗ್ರಾಡ್‌ಗೆ ಬರಬೇಕು. 1941ರ ಸೆಪ್ಟೆಂಬರ್‌ನಲ್ಲಿ ಜರ್ಮನ್ನರು ಆ ನಗರವನ್ನು ಸುತ್ತುಗಟ್ಟಿದರು. ಜನ ಅಂಟು, ಚರ್ಮದ ಬೆಲ್ಟು ಬೇಯಿಸಿ ತಿಂದರು. ಐಸಾಕ್ ಚೌಕದ ಕಟ್ಟಡದಲ್ಲಿ ಟನ್ನುಗಟ್ಟಲೆ ಭತ್ತ, ಗೋಧಿ, ಜೋಳ, ಕಾಳುಗಳಿದ್ದವು. ವಾವಿಲೋವ್ ಅವರ ಸಹೋದ್ಯೋಗಿಗಳು ಪಾಳಿ ಹಾಕಿಕೊಂಡು ಇಲಿಗಳಿಂದ, ಕಳ್ಳರಿಂದ, ಕೊರೆಯುವ ಚಳಿಯಿಂದ ಅವನ್ನು ಕಾದರು. ತಾವು ತಿನ್ನಲಿಲ್ಲ. ಭತ್ತದ ತಜ್ಞ ಡಿಮಿಟ್ರಿ ಇವಾನೊವ್ ಸಾವಿರಾರು ಭತ್ತದ ಪೊಟ್ಟಣಗಳ ನಡುವೆ ಹಸಿವಿನಿಂದ ಸತ್ತರು. ಶೇಂಗಾ ತಜ್ಞ ಶ್ಚುಕಿನ್ ಮೇಜಿನ ಮುಂದೆ ಕೂತಲ್ಲೇ ಸತ್ತರು. ಓಟ್ಸ್ ಸಂಗ್ರಹ ನೋಡಿಕೊಳ್ಳುತ್ತಿದ್ದ ಲಿಲಿಯಾ ರೊಡಿನಾ ಸತ್ತರು. ಇನ್ನೂ ಹಲವರು. ಈ ಭಾಗವನ್ನು ಇಂಟರ್ನೆಟ್‌ನಲ್ಲಿ ತ್ಯಾಗದ ಕಥೆಯಾಗಿ ಬಹಳ ಮಂದಿ ಹಂಚಿಕೊಳ್ಳುತ್ತಾರೆ. ಹೊರಗಿನ ಶತ್ರು ತಂದ ಹಸಿವು ಅದು, ಹೇಳುವುದು ಸುಲಭ. ಆ ಬೀಜ ಕೂಡಿಸಿದವನಿಗೆ ಅದೇ ದಿನಗಳಲ್ಲಿ ಸ್ವಂತ ಸರ್ಕಾರ ಕೊಟ್ಟ ಹಸಿವನ್ನು ಮಾತ್ರ ಅದರ ಪಕ್ಕದಲ್ಲಿ ಇಡುವವರು ಕಡಿಮೆ.

1943ರ ಜನವರಿ 18ರಂದು ಲೆನಿನ್‌ಗ್ರಾಡ್ ಮುತ್ತಿಗೆಯಲ್ಲಿ ಮೊದಲ ಬಿರುಕು ಬಿತ್ತು. ಎಂಟು ದಿನ ಕಳೆದು, ಜನವರಿ 26ರಂದು, ಸರಾಟೋವ್ ಜೈಲಿನ ಆಸ್ಪತ್ರೆಯಲ್ಲಿ ವಾವಿಲೋವ್ ತೀರಿಕೊಂಡರು. ದಾಖಲೆಯಲ್ಲಿ ನ್ಯುಮೋನಿಯಾ ಎಂದು ಬರೆದರು. ದೇಹ ಅದನ್ನು ತಡೆಯಲಾಗದಷ್ಟು ಸೊರಗಿತ್ತು. ಹೂತದ್ದು ಎಲ್ಲಿ ಎಂಬ ಗುರುತು ಉಳಿಯಲಿಲ್ಲ.

ನನ್ನನ್ನು ಇದೆಲ್ಲಕ್ಕಿಂತ ಹೆಚ್ಚು ಕಾಡುವುದು ಅವರ ಹೆಂಡತಿಯ ಕಥೆ. ಯೆಲೆನಾ ಬರುಲಿನಾ ಸ್ವತಃ ಸಸ್ಯವಿಜ್ಞಾನಿ, ಚನ್ನಂಗಿ ಬೇಳೆಯ ಗಿಡದ ಮೇಲೆ ಆಳವಾಗಿ ಕೆಲಸ ಮಾಡಿದವರು. ತವರು ಸರಾಟೋವ್. ಯುದ್ಧ ಶುರುವಾದ ಮೇಲೆ ಮಗ ಯೂರಿಯನ್ನು ಕರೆದುಕೊಂಡು ಅಲ್ಲಿಗೇ ಬಂದಿದ್ದರು. ಗಂಡ ಮಾಸ್ಕೋ ಜೈಲಿನಲ್ಲಿದ್ದಾರೆಂದು ತಿಳಿದು, ತಮ್ಮ ಹೊಟ್ಟೆ ಕಟ್ಟಿ ಮಾಸ್ಕೋಗೆ ಆಹಾರದ ಪೊಟ್ಟಣ ಕಳಿಸುತ್ತಿದ್ದರು. ಗಂಡ ಇದ್ದದ್ದು ಅದೇ ಊರಲ್ಲಿ, ನಡೆದು ಹೋಗುವಷ್ಟು ದೂರದಲ್ಲಿ. ಯಾರೂ ಹೇಳಲಿಲ್ಲ. ಕೈದಿ ಎಲ್ಲಿದ್ದಾನೆಂದು ಮನೆಯವರಿಗೆ ತಿಳಿಸುವ ಒಂದು ಸಾಲಿನ ಕಾಗದಕ್ಕೆ ಎಷ್ಟು ಬೆಲೆ ಎಂಬುದು ನನಗೆ ಇದನ್ನು ಓದಿದಾಗ ಅರ್ಥವಾಯಿತು.

ಮುಂದಿನದನ್ನು ಬೇಗ ಹೇಳುತ್ತೇನೆ. ತಮ್ಮ ಸೆರ್ಗೆಯ್ ವಾವಿಲೋವ್ ಭೌತವಿಜ್ಞಾನಿ. 1945ರಲ್ಲಿ ಅವರನ್ನು ಸೋವಿಯತ್ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರನ್ನಾಗಿ ಮಾಡಿದರು. ಅಣ್ಣನನ್ನು ಕೊಂದ ಸರ್ಕಾರದ ಪರವಾಗಿ, ಲೈಸೆಂಕೊ ಕೂಡ ಸದಸ್ಯನಾಗಿದ್ದ ಸಂಸ್ಥೆಯಲ್ಲಿ ಅವರು ಆ ಕುರ್ಚಿಯಲ್ಲಿ ಕೂತರು. ಒಪ್ಪದಿದ್ದರೆ ಏನಾಗುತ್ತಿತ್ತೋ, ನಾವು ಇಲ್ಲಿ ಕೂತು ತೀರ್ಪು ಕೊಡುವುದು ಸುಲಭವಲ್ಲ. 1948ರ ಆಗಸ್ಟ್‌ನಲ್ಲಿ ತಳಿಶಾಸ್ತ್ರವನ್ನೇ ಅಧಿಕೃತವಾಗಿ ಹೊರಗಟ್ಟಿದರು. ಪಾಠ ನಿಂತವು, ಪ್ರಯೋಗಾಲಯಗಳು ಮುಚ್ಚಿದವು, ಮೇಷ್ಟ್ರುಗಳು ಕೆಲಸ ಕಳೆದುಕೊಂಡರು. ಅದಾಗಿ ನಾಲ್ಕು ತಿಂಗಳಿಗೆ ವಿಶ್ವಸಂಸ್ಥೆಯಲ್ಲಿ ಮಾನವ ಹಕ್ಕುಗಳ ಘೋಷಣೆ ಮತಕ್ಕೆ ಬಂತು. ಸೋವಿಯತ್ ಒಕ್ಕೂಟ ಮತ ಹಾಕದೆ ಉಳಿಯಿತು.

ಹೊರದೇಶದ ಗೆಳೆಯರು? ಹರ್ಮನ್ ಮುಲ್ಲರ್ ಎಡಪಂಥೀಯರು, ವಾವಿಲೋವ್ ಕರೆದರೆಂದು ಸೋವಿಯತ್‌ಗೆ ಹೋಗಿ ನಾಲ್ಕು ವರ್ಷ ದುಡಿದವರು. 1948ರಲ್ಲಿ ಅವರು ಸೋವಿಯತ್ ಅಕಾಡೆಮಿಯ ಸದಸ್ಯತ್ವಕ್ಕೆ ಬಹಿರಂಗವಾಗಿ ರಾಜೀನಾಮೆ ಬಿಸಾಕಿದರು. ಬ್ರಿಟನ್ನಿನ ಹಾಲ್ಡೇನ್ ಕೂಡ ವಾವಿಲೋವ್ ಆಹ್ವಾನದ ಮೇಲೆ 1928ರಲ್ಲಿ ಅಲ್ಲಿಗೆ ಹೋಗಿದ್ದವರು, ಕಮ್ಯುನಿಸ್ಟ್ ಪಕ್ಷದ ಸದಸ್ಯರು. ತಳಿಶಾಸ್ತ್ರ ಗೊತ್ತಿದ್ದೂ ಲೈಸೆಂಕೊ ವಿಷಯದಲ್ಲಿ ಅವರು ಬಹುಕಾಲ ಅತ್ತ ಇತ್ತ ಆಡಿದರು, ಪಕ್ಷದಿಂದ ದೂರವಾದದ್ದು 1950ರ ಸುಮಾರಿಗೆ. ಮುಂದೆ ಭಾರತದ ಪೌರರಾಗಿ ಭುವನೇಶ್ವರದಲ್ಲಿ ತೀರಿಕೊಂಡ ಅದೇ ಹಾಲ್ಡೇನ್. ನಮಗೆ ಅವರ ಹೆಸರೂ ಒಂದು ಅಂಕದ ಪ್ರಶ್ನೆಯಾಗಿ ಬರುತ್ತದೆ.

1953ರಲ್ಲಿ ಸ್ಟಾಲಿನ್ ಸತ್ತ. 1955ರ ಆಗಸ್ಟ್ 20ರಂದು, ಮರಣದಂಡನೆ ಕೊಟ್ಟಿದ್ದ ಅದೇ ನ್ಯಾಯಪೀಠ ಕಡತ ತೆಗೆದು, ಅಪರಾಧ ಏನೂ ನಡೆದಿಲ್ಲ ಎಂದು ಬರೆಯಿತು. ಲೈಸೆಂಕೊ 1960ರ ದಶಕದ ಮಧ್ಯದವರೆಗೆ ಅಧಿಕಾರದಲ್ಲಿದ್ದು, 1976ರಲ್ಲಿ ಸಹಜವಾಗಿ ಸತ್ತ. ತನಿಖಾಧಿಕಾರಿ ಖ್ವಾಟ್‌ಗೆ ಶಿಕ್ಷೆ ಆಗಲಿಲ್ಲ. ನಿವೃತ್ತನಾಗಿ ಮಾಸ್ಕೋದಲ್ಲಿ ಮುಪ್ಪಿನವರೆಗೂ ಬಾಳಿದ. ವಾವಿಲೋವ್ ಕಡತದ ವಿವರಗಳು ಜಗತ್ತಿಗೆ ಗೊತ್ತಾದದ್ದು ಮುಖ್ಯವಾಗಿ ಮಾರ್ಕ್ ಪೊಪೊವ್ಸ್ಕಿ ಎಂಬ ಪತ್ರಕರ್ತನಿಂದ. 1960ರ ದಶಕದಲ್ಲಿ ಹೇಗೋ ಅದನ್ನು ನೋಡಲು ಅವಕಾಶ ಗಿಟ್ಟಿಸಿ ನಕಲು ಮಾಡಿಕೊಂಡ ಆತ, ಕೊನೆಗೆ ದೇಶವನ್ನೇ ಬಿಡಬೇಕಾಯಿತು. ಐಸಾಕ್ ಚೌಕದ ಸಂಸ್ಥೆಗೆ ಈಗ ವಾವಿಲೋವ್ ಹೆಸರೇ ಇದೆ.

ಗಂಡ ನಿರಪರಾಧಿ ಎಂಬ ಕಾಗದ ಕೈಗೆ ಬಂದಾಗ ಯೆಲೆನಾ ಬರುಲಿನಾ ಅವರ ಆರೋಗ್ಯ ಪೂರ್ತಿ ಕೆಟ್ಟಿತ್ತು. ಹದಿನೈದು ವರ್ಷ ಅಚ್ಚಾಗದೆ ಬಿದ್ದಿದ್ದ ಗಂಡನ ಬರಹಗಳನ್ನು ಪ್ರಕಟಣೆಗೆ ಅಣಿಗೊಳಿಸಲು ಕೂತರು. 1957ರಲ್ಲಿ ತೀರಿಕೊಳ್ಳುವವರೆಗೂ ಅವರು ಮಾಡುತ್ತಿದ್ದದ್ದು ಅದೇ ಕೆಲಸ.